ಪನೆಟಾ ಕೇಸ್‌ಗಳನ್ನ ಕಮಾಂಡರ್‌ಗಳಿಂದ ಪೂರ್ತಿ ಕಿತ್ಕೊಂಡಿರ್ಲಿಲ್ಲ

ಶನಿವಾರ ನಾವು ತೋರಿಸ್ತಿರೋ 'ದಿ ಇನ್ವಿಸಿಬಲ್ ವಾರ್' ಡಾಕ್ಯುಮೆಂಟರಿ ಬಗ್ಗೆ ಒಂದು ಫಾರ್ವರ್ಡ್ ಓಡಾಡ್ತಿದೆ, ಅಮೆರಿಕದ ಆಗಿನ ಡಿಫೆನ್ಸ್ ಸೆಕ್ರೆಟರಿ ಲಿಯಾನ್ ಪನೆಟಾ ಇದನ್ನ ನೋಡಿ ಎರಡೇ ದಿನಕ್ಕೆ ಸೇನೆಯೊಳಗಿನ ರೇಪ್ ಕೇಸ್‌ಗಳನ್ನ ಕಮಾಂಡರ್‌ಗಳ ಕೈಯಿಂದ ತೆಗೆದುಬಿಟ್ರು, ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂತ. ಅರ್ಧ ನಿಜ ಅಷ್ಟೇ. 2012ರ ಏಪ್ರಿಲ್‌ನಲ್ಲಿ ಅವ್ರು ನೋಡಿದ್ದು ಹೌದು, ಎರಡು ದಿನಕ್ಕೆ ಘೋಷಣೆ ಬಂದಿದ್ದೂ ಹೌದು, ಆದ್ರೆ ಆಗಿದ್ದೇನು ಅಂದ್ರೆ ಕೇಸ್ ಮುಂದುವರಿಸ್ಬೇಕಾ ಬೇಡ್ವಾ ಅನ್ನೋ ತೀರ್ಮಾನ ಯೂನಿಟ್ ಕಮಾಂಡರ್‌ ಬಿಟ್ಟು ಕರ್ನಲ್ ಮಟ್ಟದ ಆಫೀಸರ್‌ಗೆ ಹೋಯ್ತು, ನೇವಿಲಾದ್ರೆ ಕ್ಯಾಪ್ಟನ್‌ಗೆ. ಅವ್ರೂ ಅದೇ ಕಮಾಂಡ್‌ನವ್ರೇ ತಾನೆ! ಆರೋಪಿಗೂ ದೂರು ಕೊಟ್ಟೋರಿಗೂ ಒಬ್ರೇ ಬಾಸ್ ಅನ್ನೋದೇ ಸಂತ್ರಸ್ತರ ದೊಡ್ಡ ತಕರಾರಾಗಿತ್ತು.

ನಿಜವಾಗ್ಲೂ ಆ ಅಧಿಕಾರ ಕಮಾಂಡರ್‌ಗಳ ಕೈತಪ್ಪಿದ್ದು 2021ರ ಡಿಸೆಂಬರ್‌ನಲ್ಲಿ ಸಹಿಯಾದ ಕಾನೂನಿಂದ, ಅದೂ ಜಾರಿಗೆ ಬಂದಿದ್ದು 2023ರ ಡಿಸೆಂಬರ್ 28ಕ್ಕೆ, ಈಗ ಇಂಥ ಕೇಸ್‌ಗಳನ್ನ ನೋಡೋರು ಪ್ರತ್ಯೇಕ ಮಿಲಿಟರಿ ಪ್ರಾಸಿಕ್ಯೂಟರ್‌ಗಳು. ಸಿನಿಮಾ ಬಂದು ಹತ್ತು ವರ್ಷದ ಮೇಲೆ!

ಇನ್ನೊಂದು, ಇದು 'ಲೇಡೀಸ್ ಓನ್ಲಿ' ಶೋ ಅಂತ ಯಾರು ಹಬ್ಸಿದ್ರೋ ಗೊತ್ತಿಲ್ಲ, ಅಲ್ಲ ರೀ. 2012ಕ್ಕೆ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನೇ ಕೊಟ್ಟ ಅಂದಾಜಿನ ಪ್ರಕಾರ ಸೇನೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೋರು ಸುಮಾರು 26,000 ಜನ, ಬಲವಂತದ ಸ್ಪರ್ಶದಿಂದ ಹಿಡಿದು ಅತ್ಯಾಚಾರದವರೆಗೆ ಎಲ್ಲಾ ಸೇರಿ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸ್ರೇ. ಎಲ್ರೂ ಬನ್ನಿ, ಮಕ್ಕಳನ್ನ ಮಾತ್ರ ಕರ್ಕೊಂಡ್ ಬರ್ಬೇಡಿ.