ಕಲಾವಿದೆಯ ಕೈಗೂ ಒಂದು ಪಟ್ಟಿ ಬರಲಿ

ನಟರ ಪರವಾಗಿ ಸ್ಟುಡಿಯೋಗಳ ಜೊತೆ ವ್ಯವಹಾರ ಕುದುರಿಸುತ್ತಿದ್ದ ಹಾಲಿವುಡ್‌ನ ಏಜೆಂಟ್ ಲ್ಯೂ ವಾಸರ್‌ಮನ್ ಬಗ್ಗೆ ಓದುತ್ತಾ ಓದುತ್ತಾ ನನ್ನ ತಲೆಯಲ್ಲಿ ಓಡಿದ್ದು ನಮ್ಮ ಕಲಬುರಗಿ, ಯಾದಗಿರಿ ಕಡೆಯ ಜಾತ್ರೆ ನಾಟಕಗಳು.

ವಾಸರ್‌ಮನ್ ಹುಟ್ಟಿದ್ದು 1913ರಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನದಲ್ಲಿ. ಹುಡುಗನಾಗಿದ್ದಾಗ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ. ಕಾಲೇಜು ಮೆಟ್ಟಿಲು ಹತ್ತಲಿಲ್ಲ. 1936ರಲ್ಲಿ ಎಂಸಿಎ ಎಂಬ ಏಜೆನ್ಸಿ ಸೇರಿದ. ಬ್ಯಾಂಡ್‌ನವರಿಗೆ ಕಾರ್ಯಕ್ರಮ ಹಿಡಿದುಕೊಡಲೆಂದು ಕಣ್ಣಿನ ಡಾಕ್ಟರೊಬ್ಬ ಶಿಕಾಗೋದಲ್ಲಿ ಸುರು ಮಾಡಿದ್ದ ಕಂಪನಿ ಅದು. ಹತ್ತೇ ವರ್ಷದಲ್ಲಿ ಈತ ಅದರ ಅಧ್ಯಕ್ಷ.

ಆತನ ದೊಡ್ಡ ಪಟ್ಟು 1950ರದ್ದು. ಆತನ ಗಿರಾಕಿ, ನಟ ಜೇಮ್ಸ್ ಸ್ಟೀವರ್ಟ್ ಕೇಳಿದಷ್ಟು ಸಂಭಾವನೆ ಕೊಡಲು ಯೂನಿವರ್ಸಲ್ ಸ್ಟುಡಿಯೋಗೆ ಆಗಲಿಲ್ಲ. ಹಾಗಾದರೆ ಲಾಭದಲ್ಲಿ ಪಾಲು ಕೊಡಿ ಎಂದ ವಾಸರ್‌ಮನ್. ಸಿನಿಮಾ ಗೆದ್ದಿತು, ನಟನಿಗೆ ಸಂಭಾವನೆಗಿಂತ ಎಷ್ಟೋ ಹೆಚ್ಚು ಬಂತು. ಸ್ಟುಡಿಯೋದ ಸಂಬಳದಾಳುಗಳಂತಿದ್ದ ನಟರು ಪಾಲುದಾರರಾಗುವ ದಾರಿ ತೆರೆಯಿತು. ಕಲಾವಿದನ ಪರ ನಿಂತು ಮಾತಾಡುವವನು ಏನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ 1952ರಲ್ಲಿ ನಡೆದದ್ದನ್ನು ನಾನು ಒಪ್ಪಲಾರೆ. ಏಜೆಂಟ್ ಆದವನು ನಿರ್ಮಾಪಕನೂ ಆಗಬಾರದೆಂಬುದು ನಟರ ಸಂಘದ ಕಟ್ಟಳೆ. ಎಂಸಿಎಗೆ ಮಾತ್ರ ಅದರಿಂದ ವಿನಾಯಿತಿ ಸಿಕ್ಕಿತು. ಆಗ ಸಂಘದ ಅಧ್ಯಕ್ಷ ರೊನಾಲ್ಡ್ ರೇಗನ್, ಸ್ವತಃ ಎಂಸಿಎಯ ಗಿರಾಕಿ! ನಟನಿಗಾಗಿ ದುಡ್ಡು ಕೇಳುವುದೂ ಎಂಸಿಎ, ಕೊಡುವುದೂ ಎಂಸಿಎ. ಹತ್ತು ವರ್ಷ ಹೀಗೇ ನಡೆಯಿತು. 1962ರಲ್ಲಿ ಯೂನಿವರ್ಸಲ್ ಅನ್ನೇ ಕೊಳ್ಳಲು ಹೊರಟಾಗ ಅಮೆರಿಕದ ನ್ಯಾಯ ಇಲಾಖೆ ಅಡ್ಡ ಬಂತು. ಎಂಸಿಎ ಸ್ಟುಡಿಯೋ ಉಳಿಸಿಕೊಂಡು ಏಜೆನ್ಸಿ ಮುಚ್ಚಿತು.

ಈಗ ನಮ್ಮ ಕಡೆಗೆ ಬರ್ರಿ. ಅಫಜಲಪುರ, ಜೇವರ್ಗಿ, ಶಹಾಪುರದ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಊರ ಹುಡುಗರು ನಾಟಕ ಆಡುತ್ತಾರೆ. ಗಂಡು ಪಾತ್ರ ಊರವರದೇ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರಬೇಕು. ಕ್ಯಾಸಿಯೋದವರು, ತಬಲಾದವರು, ಪರದೆ ಕಟ್ಟುವ ಸೀನ್ಸ್‌ನವರು ಎಲ್ಲರೂ ಎಷ್ಟೋ ಕಡೆ ಒಬ್ಬ ಮಧ್ಯಸ್ಥನ ಫೋನಿನಿಂದಲೇ ನಿಗದಿಯಾಗುತ್ತಾರೆ. ಕಲಾವಿದೆಗೆ ಅವನು ಹೇಳುವುದು: "ಅಕ್ಕೋರ, ಊರವ್ರ ಕೈಯಾಗ ಇಷ್ಟೇ ಆಗ್ತದಂತ." ಊರವರಿಗೆ ಹೇಳುವುದು: "ಅವ್ರು ಭಾಳ ಕೇಳ್ಲಾಕತ್ತಾರ್ರಿ." ಊರು ಕೊಟ್ಟದ್ದೆಷ್ಟು ಆಕೆಗೆ ತಿಳಿಯದು, ಆಕೆಗೆ ಮುಟ್ಟಿದ್ದೆಷ್ಟು ಊರಿಗೆ ತಿಳಿಯದು.

ಎಲ್ಲರೂ ಹೀಗೇ ಎನ್ನುತ್ತಿಲ್ಲ. ನಾಟಕ ಮುಗಿದ ಮೇಲೆ ನಸುಕಿನಲ್ಲಿ ಕಲಾವಿದೆಯರನ್ನು ತಾವೇ ನಿಂತು ಬಸ್ಸು ಹತ್ತಿಸಿ ಬರುವವರು ಇದ್ದಾರೆ. ಅಂಥವರಿಗೆ ಕಮಿಷನ್ ಸಲ್ಲಲೇಬೇಕು. ಆದರೆ ಗಂಜ್‌ ಮಾರುಕಟ್ಟೆಯಲ್ಲಿ ತೊಗರಿ ಮಾರಿದ ರೈತನಿಗೂ ಅಡತಿ ಅಂಗಡಿಯವರು ಪಟ್ಟಿ ಬರೆದು ಕೊಡುತ್ತಾರೆ: ತೂಕ ಇಷ್ಟು, ದರ ಇಷ್ಟು, ಹಮಾಲಿ ಇಷ್ಟು. ರಾತ್ರಿಯಿಡೀ ಹಾಡಿ, ಕುಣಿದು, ಅತ್ತು ನಗಿಸಿದವಳ ಕೈಗೆ ಅಂಥದೊಂದು ಚೀಟಿಯೂ ಇಲ್ಲವಲ್ಲ!

ಅಮೆರಿಕದಲ್ಲಿ ನಟರ ಸಂಘ ಏಜೆಂಟರ ಪಾಲಿಗೆ ನೂರಕ್ಕೆ ಹತ್ತರ ಮಿತಿ ಹಾಕಿದೆ. 2019ರಲ್ಲಿ, ಸ್ಟುಡಿಯೋಗಳಿಂದಲೂ ಶುಲ್ಕ ಪಡೆಯುತ್ತಿದ್ದ ಏಜೆಂಟರನ್ನು ಸಾವಿರಾರು ಬರಹಗಾರರು ಒಟ್ಟಿಗೇ ಕೈಬಿಟ್ಟರು. 2021ರ ಹೊತ್ತಿಗೆ ದೊಡ್ಡ ದೊಡ್ಡ ಏಜೆನ್ಸಿಗಳೇ ಬಗ್ಗಿದವು. ಅವರಿಗೆ ಸಂಘವಿತ್ತು. ನಮ್ಮ ಕಲಾವಿದೆಯರು ಇಬ್ಬರು ಇಲ್ಲಿ, ಮೂವರು ಅಲ್ಲಿ ಚದುರಿದ್ದಾರೆ, ಮುಂದಿನ ಜಾತ್ರೆಗೆ ಕರೆಯದಿದ್ದರೆ ಹೇಗೆಂಬ ಅಂಜಿಕೆ ಬೇರೆ.

ಜಾತ್ರಾ ಕಮಿಟಿಯ ಹಿರಿಯರೇ, ನಾಟಕ ಆಡಿಸುವ ತಮ್ಮಂದಿರೇ, ಸಂಚಕಾರ ಕೊಡುವಾಗಲೇ ಒಂದು ಹಾಳೆ ಬರೆಯಿರಿ. ಊರು ಕೊಡುವ ಮೊತ್ತ, ಮಧ್ಯಸ್ಥನ ಪಾಲು, ಕಲಾವಿದೆಗೆ ಮುಟ್ಟುವುದು, ಬಸ್ ಚಾರ್ಜು, ಮಳೆ ಬಂದು ನಾಟಕ ನಿಂತರೆ ಏನು ಎಂಬುದು. ಮೂವರೂ ಸಹಿ ಹಾಕಿ, ಒಂದು ಪ್ರತಿ ಆಕೆಯ ಕೈಗೆ ಕೊಡಿ. ಇಂಥದೊಂದು ನಮೂನೆ ನಾನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರು ಇನ್‌ಬಾಕ್ಸ್‌ಗೆ ಬರ್ರಿ, ಕಳಿಸುತ್ತೇನೆ.