ಸಿಂಕ್ ಆದದ್ದೆಲ್ಲ ಬ್ಯಾಕಪ್ ಅಲ್ಲ

ಫೈಲ್‌ಗಳನ್ನು ಕಾಪಾಡಲು ಕ್ಲೌಡ್ (ಇಂಟರ್ನೆಟ್ ಮೂಲಕ ಕಂಪನಿಯೊಂದರ ಕಂಪ್ಯೂಟರ್‌ಗಳಲ್ಲಿ ಇಡುವ ವ್ಯವಸ್ಥೆ) ಇದ್ದರೆ ಸಾಕು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಕಾಲ ಮುಗಿಯಿತು ಎಂದು ನಾನು ಓದಿದ ಲೇಖನವೊಂದರ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. 1 ಟಿಬಿಯಷ್ಟು ಫೋಟೊ, ವಿಡಿಯೊಗಳನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ಅಪ್‌ಲೋಡ್ ಮಾಡಿದರೂ ಒಂಬತ್ತು ದಿನಕ್ಕಿಂತ ಹೆಚ್ಚು ಬೇಕು. ಡಿಸ್ಕ್‌ಗಾದರೆ ಅದು ಕೆಲವೇ ಗಂಟೆಗಳ ಕೆಲಸ.

ಇನ್ನೊಂದು ಮಾತು ಲೇಖನದಲ್ಲಿ ಬರಲೇಬೇಕಿತ್ತು: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಒಂದು ಕಡೆಯ ಬದಲಾವಣೆಯನ್ನು ಇನ್ನೊಂದು ಕಡೆಯೂ ಮಾಡುತ್ತದೆ; ಬ್ಯಾಕಪ್ ಎಂದರೆ ಬೇರೆಯಾಗಿ ತೆಗೆದಿಟ್ಟ ಪ್ರತಿ. ಕಳೆದ ವರ್ಷ ನಾನು ಲ್ಯಾಪ್‌ಟಾಪ್‌ನಲ್ಲಿ ಕೈತಪ್ಪಿ ಅಳಿಸಿದ ಫೋಲ್ಡರ್ ಕ್ಲೌಡ್‌ನಿಂದಲೂ ಅಳಿಸಿಹೋಯಿತು. ಗೊತ್ತಾಗುವ ಹೊತ್ತಿಗೆ ಅಲ್ಲಿಂದ ಮರಳಿ ಪಡೆಯುವ ಅವಧಿಯೂ ಮುಗಿದಿತ್ತು. ಆ ಫೋಲ್ಡರ್‌ನಲ್ಲಿದ್ದ ಅಮ್ಮನ ದನಿಯ ಧ್ವನಿಮುದ್ರಣಗಳು ಉಳಿದದ್ದು ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಹಳೆಯ ಡಿಸ್ಕ್‌ನಿಂದ. ಅದನ್ನು ಜೋಡಿಸಿ, ಚಿಕ್ಕ ನೀಲಿ ದೀಪ ಮಿನುಗುವವರೆಗೂ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಹಾಗೆಂದು ಡಿಸ್ಕ್ ಒಂದನ್ನೇ ನಂಬಬೇಡಿ. ಬೆಂಕಿ ಬಿದ್ದರೆ, ಕಳ್ಳತನವಾದರೆ ಕಂಪ್ಯೂಟರ್ ಜೊತೆ ಅದೂ ಹೋಗುತ್ತದೆ. ಸದಾ ಜೋಡಿಸಿಯೇ ಇಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಮತ್ತೆ ಸಿಗದ ಫೋಟೊ, ದಾಖಲೆಗಳನ್ನಾದರೂ ನೀವೇ, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿ ಕ್ಲೌಡ್‌ಗೆ ಹಾಕಿ. ಆ ಪಾಸ್‌ವರ್ಡ್ ಕಾಗದದ ಮೇಲೂ ಇರಲಿ. ಮರೆತರೆ ಕ್ಲೌಡ್ ಕಂಪನಿಯವರೂ ತೆರೆದುಕೊಡಲಾರರು. ತಿಂಗಳಿಗೊಮ್ಮೆ ಎರಡೂ ಕಡೆಯಿಂದ ಒಂದೆರಡು ಫೈಲ್‌ಗಳನ್ನು ಮರಳಿ ಇಳಿಸಿಕೊಂಡು, ತೆರೆದು ನೋಡಿ.