ಬೆಕ್ಕು ಗೀಚಿದ ಬಾಗಿಲು

ಮೂರು ವಾರದಿಂದ ಉಗುರಿನ ಸಂದಿಯಲ್ಲಿ ಗೋಡೆಗೆ ಹಚ್ಚುವ ಪುಟ್ಟಿ ಕೂತಿದೆ. ಎಷ್ಟು ತಿಕ್ಕಿದರೂ ಹೋಗ್ತಿಲ್ಲ. ಮನೆ ಬದಲಾಯಿಸೋದು ಅಂದರೆ ಸಾಮಾನು ಕಟ್ಟೋದು ಅಂದುಕೊಂಡಿದ್ದೆ. ಬಿಡುವ ಮನೆಯನ್ನು ಮೊದಲಿದ್ದ ಹಾಗೆ ಮಾಡಿಕೊಡೋದರಲ್ಲೇ ಅರ್ಧ ಜೀವ ಹೋಯ್ತು.

ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು. ಗುಂಡ ಬಾಗಿಲ ಚೌಕಟ್ಟು ಕಡಿದಿದ್ದಾನೆ. ಚಿನ್ನಿ ಮಲಗುವ ಕೋಣೆಯ ಬಾಗಿಲನ್ನು ಕೆಳಗಿನಿಂದ ಒಂದಡಿ ಎತ್ತರದವರೆಗೆ ಗೀಚಿ ಗೀಚಿ ಬಿಳಿ ಮಾಡಿಟ್ಟಿದ್ದಾಳೆ. ನಮ್ಮ ಪ್ರಾಣಿ ಮಾಡಿದ್ದನ್ನು ನಾವೇ ಸರಿಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಳು ಮಾಡಿದವರು ಪಕ್ಕದಲ್ಲೇ ಕೂತು ನೋಡ್ತಿರುವಾಗ ರಿಪೇರಿ ಮಾಡುವ ಕಷ್ಟ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಪುಟ್ಟಿ ಹಚ್ಚಿ, ಒಣಗಿಸಿ, ಉಜ್ಜುಕಾಗದ ಹಾಕಿದರೆ ಧೂಳು. ಧೂಳಿಗೆ ಇಬ್ಬರೂ ಸೀನ್ತಾರೆ. ಅವರನ್ನು ಕೂಡಿಹಾಕಿದರೆ ಒಳಗಿನಿಂದ ಗೋಳು. ಒಂದು ಕೋಟು ಬಣ್ಣ ಹೊಡೆದು ನಾಲ್ಕು ಗಂಟೆ ಕಾಯಬೇಕು, ಆ ನಾಲ್ಕು ಗಂಟೆಯಲ್ಲಿ ಬಾಲ ಒಂದು ಸಲವಾದರೂ ಗೋಡೆಗೆ ತಾಗಲೇಬೇಕು. ಗುಂಡನ ಬಾಲದ ತುದಿ ಈಗಲೂ ಕೆನೆಬಣ್ಣ.

ವಾಸನೆಯದ್ದು ಬೇರೆಯೇ ಕಥೆ. ಬೆಕ್ಕಿನ ಮೂತ್ರದ ಯೂರಿಕ್ ಆಸಿಡ್ ಹರಳಾಗಿ ನೆಲದ ಸಂದಿಯಲ್ಲಿ ಕೂತುಬಿಡುತ್ತೆ, ಸೋಪು ನೀರಿಗೆ ಜಗ್ಗಲ್ಲ. ಒರೆಸಿದ ದಿನ ಏನೂ ಗೊತ್ತಾಗಲ್ಲ, ತೇವ ತಗುಲಿದ ದಿನ ಮತ್ತೆ ಘಮ್ಮೆನ್ನುತ್ತೆ. ಆ ಹರಳನ್ನು ಒಡೆಯುವ ಎನ್‌ಜೈಮ್ ಇರುವ ಕ್ಲೀನರೇ ಬೇಕು, ಅದನ್ನೂ ಸುರಿದು ತಕ್ಷಣ ಒರೆಸುವಂತಿಲ್ಲ, ನೆನೆಯೋಕೆ ಬಿಡಬೇಕು. ಫಿನೈಲ್ ಹಾಕಿ ಕೈ ತೊಳೆದುಕೊಳ್ಳೋಣ ಅಂದರೆ ಅದೂ ಆಗಲ್ಲ. ಕೆಲವು ಫಿನೈಲ್‌ಗಳಲ್ಲಿರುವ ಫೀನಾಲ್ ಅನ್ನೋ ರಾಸಾಯನಿಕವನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ಒದ್ದೆ ನೆಲದ ಮೇಲೆ ಓಡಾಡಿ ಆಮೇಲೆ ಪಾದ ನೆಕ್ಕಿಕೊಂಡರೆ ಮುಗೀತು, ಹೊಟ್ಟೆಗೇ ಹೋಯ್ತು. ಅಮೋನಿಯಾ ಇರುವ ಕ್ಲೀನರಂತೂ ಬೇಡವೇ ಬೇಡ, ಅದರ ವಾಸನೆ ಮೂತ್ರದ ಥರವೇ ಇರೋದರಿಂದ ಬೆಕ್ಕುಗಳು ಇದೇ ಜಾಗ ಅಂದುಕೊಂಡು ಮತ್ತೆ ಅಲ್ಲೇ ಮಾಡ್ತವೆ.

ಇಷ್ಟೆಲ್ಲ ತಿಳಿದುಕೊಂಡೂ ನಾನು ದೊಡ್ಡ ತಪ್ಪು ಮಾಡಿದೆ. ಎರಡನೇ ವಾರ ಕ್ಲೀನಿಂಗ್ ಹುಚ್ಚು ಹಿಡಿದು ಪರದೆ, ಚಾಪೆ, ಜೊತೆಗೆ ಚಿನ್ನಿಯ ಹಳೇ ಕಂಬಳಿಯನ್ನೂ ಒಗೆದುಹಾಕಿದೆ. ಅಷ್ಟರಲ್ಲಿ ಗೋಡೆಗಳಿಗೆಲ್ಲ ಬಣ್ಣ ಆಗಿತ್ತು. ಬೆಕ್ಕುಗಳು ಕೆನ್ನೆ ಉಜ್ಜಿ ಮೂಲೆ ಮೂಲೆಗೂ ತಮ್ಮ ವಾಸನೆ ಹಚ್ಚಿಟ್ಟಿರ್ತವೆ, ಅವಕ್ಕೆ ಮನೆ ಅಂದರೆ ಅದೇ. ನಾನು ಅದನ್ನು ಪೂರ್ತಿ ಅಳಿಸಿಬಿಟ್ಟಿದ್ದೆ. ಇನ್ನೂ ಮನೆ ಬಿಟ್ಟೇ ಇರಲಿಲ್ಲ, ಅವಳ ಪಾಲಿಗೆ ಮನೆ ಹೋಗಿಯಾಗಿತ್ತು. ಕಪಾಟಿನ ಹಿಂದೆ ಸೇರಿಕೊಂಡವಳು ಒಂದೂವರೆ ದಿನ ಏನೂ ತಿನ್ನಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, "ನಾಯಿ ಥರ ಅಲ್ಲ ಇವು, ಎರಡು ಮೂರು ದಿನ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳೋ ಅಪಾಯ ಇದೆ, ಕಾಯಬೇಡಿ, ಕರ್ಕೊಂಡು ಬನ್ನಿ" ಅಂದರು. ಅಲ್ಲಿ ಕೊನೆಗೂ ತಿಂದಳು. ನನಗೆ ಆವತ್ತು ಸುಸ್ತಿಗಿಂತ ನಾಚಿಕೆಯೇ ಜಾಸ್ತಿ ಆಯ್ತು.

ಅದಕ್ಕೇ ಹೇಳ್ತೀನಿ, ಒಂದು ಕೋಣೆಯನ್ನು ಕೊನೆಯವರೆಗೂ ಮುಟ್ಟಬೇಡಿ. ಗೀಚಿರಲಿ, ಕಲೆಯಿರಲಿ, ಬಿಟ್ಟುಬಿಡಿ. ಆ ಕೋಣೆಯ ಹಾಸಿಗೆಬಟ್ಟೆಯನ್ನು ಒಗೆಯದೆ ಹಾಗೇ ಹೊಸ ಮನೆಗೆ ಒಯ್ಯಿರಿ. ಅಲ್ಲೂ ಬೆಕ್ಕನ್ನು ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿಡಿ. "ನಾಯಿ ಬೆಕ್ಕಿಗೆ ಇಷ್ಟೆಲ್ಲ ಯಾಕೆ, ಯಾರಿಗಾದರೂ ಕೊಟ್ಟು ಹೋಗಿ" ಅಂದವರೂ ಇದ್ದಾರೆ. ಅವರಿಗೆ ಉತ್ತರ ಕೊಡುವಷ್ಟು ಶಕ್ತಿ ಈಗಿಲ್ಲ.

ಇನ್ನೊಂದು ವಿಚಿತ್ರ. ನಾಲ್ಕು ವರ್ಷ ಸರಿಯಾಗಿ ಬೀಳದ ಬಚ್ಚಲ ಚಿಲಕವನ್ನು ಮೊನ್ನೆ ಹತ್ತೇ ನಿಮಿಷದಲ್ಲಿ ಸರಿಮಾಡಿದೆ. ಅಷ್ಟೂ ವರ್ಷ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟುಕೊಂಡು ಸ್ನಾನ ಮಾಡಿದ್ದೇವೆ, ಗುಂಡ ಆ ಬಕೆಟ್ಟನ್ನೂ ತಳ್ಳಿಕೊಂಡು ಒಳಗೆ ಬರ್ತಿದ್ದ. ನೆಟ್ಟಗಾದ ಚಿಲಕ ಈಗ ಮುಂದೆ ಬರುವವರಿಗೆ.

ಮಲಗುವ ಕೋಣೆಯ ಬಾಗಿಲು ಮಾತ್ರ ಬಾಕಿ ಇದೆ. ನಾಡಿದ್ದು ಗಾಡಿ ಬರುತ್ತೆ. ಚಿನ್ನಿ ಬುಟ್ಟಿಯೊಳಗೆ ಕೂತು ಹೊರಟ ಮೇಲೆ ನಾನೊಬ್ಬಳೇ ಇಲ್ಲಿ ಉಳಿದು ಆ ಒಂದಡಿಗೆ ಬಣ್ಣ ಬಳೀತೀನಿ.